ಪಟ್ಟಿಯಲ್ಲಿ ನಮ್ಮ ಕೆಲಸ ಇಲ್ಲ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಫೋನಿನಲ್ಲಿ ದುಡ್ಡು ಇಟ್ಟುಕೊಳ್ಳುವ, ಕಳಿಸುವ, ಸಾಲ ಕೊಡುವ ಆಪ್‌ಗಳು ಈಗ ಒಂದು ಪ್ರಶ್ನೆ ಕೇಳುತ್ತಿವೆ: "ನಿಮ್ಮ ಆದಾಯದ ಮೂಲ ಯಾವುದು?" ಕೆಳಗೆ ಒಂದು ಪಟ್ಟಿ. ಸಂಬಳ, ವ್ಯಾಪಾರ, ಕೃಷಿ, ಪಿಂಚಣಿ, ಬಾಡಿಗೆ, ಇತರೆ. ಒಂದನ್ನು ಒತ್ತಬೇಕು, ಅದಕ್ಕೆ ತಕ್ಕ ಕಾಗದದ ಫೋಟೋ ಹಾಕಬೇಕು. ಸಂಬಳ ಅಂದ್ರೆ ಸ್ಯಾಲರಿ ಸ್ಲಿಪ್, ವ್ಯಾಪಾರ ಅಂದ್ರೆ ಐಟಿ ರಿಟರ್ನ್, ಕೃಷಿ ಅಂದ್ರೆ ಪಹಣಿ. ನಮ್ಮ ಕೇರಿಯ ಮುಕ್ಕಾಲು ಜನಕ್ಕೆ ಉಳಿಯೋದು ಕೊನೇದು. ಊರಲ್ಲೂ ನಾವು ಇತರೆ, ಆಪಲ್ಲೂ ಇತರೆ.

ಕಳೆದ ತಿಂಗಳು ನಮ್ಮ ಕೇರಿಯ ಒಬ್ಬ ತಮ್ಮನ ವ್ಯಾಲೆಟ್ ಲಾಕ್ ಆಯ್ತು. ಹಗಲು ಕಸದ ಗಾಡಿಯಲ್ಲಿ ಲೋಡರ್, ಗುತ್ತಿಗೆದಾರ ತಿಂಗಳಿಗೊಮ್ಮೆ ಕೈಗೆ ಕಾಸು ಕೊಡ್ತಾನೆ. ಹೆಂಡತಿ ಆಪರೇಷನ್‌ಗೆ ಅಂತ ಜೊತೆ ಕೆಲಸದವರು ಐನೂರು, ಸಾವಿರ ಹಾಕಿ ಒಟ್ಟು 41,000 ಸೇರಿಸಿದ್ರು. ಮಾರನೇ ದಿನ ಇಂಗ್ಲಿಷಲ್ಲಿ ಮೆಸೇಜು. ನೀವು ತಿಳಿಸಿದ ಆದಾಯಕ್ಕೂ ಬಂದ ಹಣಕ್ಕೂ ಹೊಂದಾಣಿಕೆ ಇಲ್ಲ, ಮೂಲ ರುಜುವಾತು ಮಾಡಿ ಅಂತ. ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳಿದ್ರು. ಹುಡುಗ ಗುತ್ತಿಗೆದಾರನ ಹತ್ತಿರ ಹೋದ. "ಸ್ಲಿಪ್ಪಾ? ನಿಂಗೆ ಯಾಕ್ಲಾ ಸ್ಲಿಪ್ಪು, ಕೆಲಸ ಬೇಕೋ ಬೇಡ್ವೋ?" ಇದು ಉತ್ತರ. ಆಪರೇಷನ್ ನಿಲ್ಲಿಸೋಕಾಗುತ್ತಾ? ನೂರಕ್ಕೆ ಹತ್ತರ ಬಡ್ಡಿಗೆ ಸಾಲ ತಂದು ಮಾಡಿಸಿದ. ಅವನ 41,000 ಇನ್ನೂ ಫೋನಿನ ಪರದೆ ಮೇಲೆ ಕಾಣ್ತಾ ಇದೆ. ತೆಗೆಯೋ ಹಾಗಿಲ್ಲ.

ಅದೇ ವಾರ ಅದೇ ಫೋನಿಗೆ ಸಾಲದ ಮೆಸೇಜುಗಳು ಬಂದವು. ಪ್ಯಾನ್ ಹಾಕಿ, ಸೆಲ್ಫಿ ತೆಗೀರಿ, ಹತ್ತು ನಿಮಿಷದಲ್ಲಿ ದುಡ್ಡು. ಸಾಲ ಕೊಡುವ ಮೊದಲು ಸಾಲಗಾರರ ವಯಸ್ಸು, ಉದ್ಯೋಗ, ಆದಾಯ ತಿಳಿದುಕೊಳ್ಳಬೇಕು ಅಂತ ಆರ್‌ಬಿಐ 2022ರ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲೇ ಹೇಳಿದೆ. ಆ ಆದಾಯದ ಖಾನೆಯಲ್ಲಿ ನಾವು ಏನು ಟೈಪ್ ಮಾಡಿದರೂ ನಡೆಯುತ್ತೆ. ಸ್ವಸಹಾಯ ಸಂಘಗಳ ಅಕ್ಕಂದಿರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಟ್ಟರೆ ಅದು ಮೈಕ್ರೋಫೈನಾನ್ಸ್ ಸಾಲ, ತಿಂಗಳ ಎಲ್ಲಾ ಕಂತು ಸೇರಿ ಆದಾಯದ ಅರ್ಧ ದಾಟಬಾರದು ಅನ್ನೋದು ನಿಯಮ. ಆ ಆದಾಯ ಬರೆಯೋದು ಯಾರು? ಕಂತು ವಸೂಲಿಗೆ ಬರೋ ಹುಡುಗನೇ, ಜಗಲಿ ಮೇಲೆ ಕೂತು, ಸಾಲಕ್ಕೆ ಸರಿಹೊಂದೋ ಹಾಗೆ. ಸಾಲ ಹೊರಿಸುವಾಗ ನಮ್ಮ ಬಾಯಿಮಾತು ಸಾಕು, ನಮ್ಮ ದುಡ್ಡು ನಮಗೆ ಬಿಡುವಾಗ ಮಾತ್ರ ಕಾಗದ ಬೇಕು.

ಆ ತಮ್ಮ ನನಗೆ ಇನ್ನೊಂದು ಮಾತು ಹೇಳಿದ. "ಅಣ್ಣಾ, ರಾತ್ರಿ ಟ್ಯಾಂಕಿಗೆ ಇಳಿದಿದ್ದು ಏನಂತ ಬರೀಲಿ?" ಸಕ್ಕಿಂಗ್ ಗಾಡಿ ಪೈಪು ತಲುಪದ ಮನೆಗಳಲ್ಲಿ ಇವನನ್ನು ಕರೀತಾರೆ, ಒಂದು ರಾತ್ರಿಗೆ ಸಾವಿರವೋ ಒಂದೂವರೆಯೋ ಕೊಡ್ತಾರೆ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ರಕ್ಷಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸೋದು ಅಪರಾಧ. ಇಳಿಸಿದವನ ಅಪರಾಧ, ಇಳಿದವನದ್ದಲ್ಲ. ಇದು ಅವನಿಗೆ ಹೇಳಿದೆ. ಅವನು ನಕ್ಕ. ಆಪಿನ ಪಟ್ಟಿಯಲ್ಲಿ ಆ ಕೆಲಸ ಇಲ್ಲ, ಸರ್ಕಾರದ ಲೆಕ್ಕದಲ್ಲಿ ಆ ಕೆಲಸವೇ ಇಲ್ಲ. ಇಲ್ಲದ ಕೆಲಸಕ್ಕೆ ರಸೀದಿ ಎಲ್ಲಿಂದ ತರೋದು?

ಪಹಣಿ ವಿಚಾರ ನೋಡಿ. ಒಂದೇ ಹೊಲ, ಒಂದೇ ಸುಗ್ಗಿ. ಜಮೀನಿನ ಯಜಮಾನ 'ಕೃಷಿ' ಒತ್ತಿ ಪಹಣಿ ಹಾಕ್ತಾನೆ, ಮುಗೀತು. ಅವನಾಗಲಿ ಅವನ ಅಪ್ಪನಾಗಲಿ ಗುದ್ದಲಿ ಹಿಡಿದಿದ್ದಾರಾ ಅಂತ ಆಪ್ ಕೇಳಲ್ಲ. ಅದೇ ಹೊಲದಲ್ಲಿ ಕಳೆ ಕಿತ್ತು, ಕೊಯ್ದು, ಬಡಿದ ನಮ್ಮ ಅವ್ವಂದಿರದ್ದೂ ಕೃಷಿ ಆದಾಯವೇ, ಆದರೆ ಅವರ ಹತ್ತಿರ ಪಹಣಿ ಇಲ್ಲ. ಹೀಗಾಗಿ ಆದಾಯದ ಪುರಾವೆ ಅನ್ನೋದು ದುಡಿಮೆಯ ಪುರಾವೆ ಅಲ್ಲ. ಯಾರ ಕೈಯಲ್ಲಿ ಮೊದಲಿಂದ ಕಾಗದ ಇತ್ತು ಅನ್ನೋದರ ಪುರಾವೆ.

ಇದು ಫೋನ್ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ತಾತಂದಿರು ತೋಟಿ, ತಳವಾರ, ನೀರಗಂಟಿ ಚಾಕರಿ ಮಾಡಿದವರು. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ 'ಆಯ' ಅಂತ ನಾಲ್ಕು ಮೊರ ರಾಗಿ. ಅಳತೆ ಗೌಡನದ್ದು, ಲೆಕ್ಕ ಶಾನುಭೋಗನದ್ದು. ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ಮಸೂದೆ ಮಂಡಿಸಿದಾಗ ಅದರಲ್ಲಿದ್ದ ಒಂದು ಮುಖ್ಯ ಅಂಶ ಇದೇ: ಊರವರು ಮನಸ್ಸಿಗೆ ಬಂದಂತೆ ಕೊಡುವ ಕಾಳನ್ನು ಹಣಕ್ಕೆ ತಿರುಗಿಸಿ, ಸರ್ಕಾರವೇ ವಸೂಲಿ ಮಾಡಿ ಕೊಡಲಿ. ಕೂಲಿ ಲೆಕ್ಕಕ್ಕೆ ಬರಬೇಕು ಅನ್ನೋ ಜಗಳ ಅಷ್ಟು ಹಳೇದು. ನಮ್ಮಲ್ಲಿ 1961ರ ಕಾಯ್ದೆ ಬಂದು ಗ್ರಾಮ ಹುದ್ದೆಗಳು ರದ್ದಾದವು. ಲೆಕ್ಕ ಮಾತ್ರ ಅವರ ಕೈಯಲ್ಲೇ ಉಳೀತು, ಶಾನುಭೋಗನ ಕಡತದಿಂದ ಗುತ್ತಿಗೆದಾರನ ರಿಜಿಸ್ಟರಿಗೆ ಬಂತು.

ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆ ಬೇಡ ಅಂತ ನಾನು ಹೇಳ್ತಿಲ್ಲ. ಆನ್‌ಲೈನ್ ವಂಚನೆ ಮಾಡೋರು ಬಡ ಹುಡುಗರ ಖಾತೆಗಳನ್ನು ಎರಡು ಮೂರು ಸಾವಿರಕ್ಕೆ ಬಾಡಿಗೆಗೆ ತಗೊಂಡು, ಪೊಲೀಸರು ಬಂದಾಗ ಇವರನ್ನು ಮುಂದೆ ತಳ್ತಾರೆ. ನಮ್ಮ ಹುಡುಗರೇ, ದಯವಿಟ್ಟು ಖಾತೆ, ಸಿಮ್ ಯಾರಿಗೂ ಕೊಡಬೇಡಿ. ತಪಾಸಣೆ ಇರಲಿ. ಆದರೆ ಕೂಲಿ ಕೊಟ್ಟವನನ್ನು ಬಿಟ್ಟು ಕೂಲಿ ತಗೊಂಡವನನ್ನು ಮಾತ್ರ ತಪಾಸಣೆ ಮಾಡೋದು ಯಾವ ನ್ಯಾಯ?

ಯಾಕೆ ಹೀಗೆ ಹೇಳ್ತಿದ್ದೀನಿ ಅಂದ್ರೆ ಪುರಾವೆ ಇದೆ, ನಮ್ಮ ಕೈಗೆ ಕೊಟ್ಟಿಲ್ಲ ಅಷ್ಟೇ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಸೆಕ್ಷನ್ ಏನು ಹೇಳಿತ್ತು? ಗುತ್ತಿಗೆದಾರ ಕೂಲಿ ಕೊಡುವಾಗ ಮೂಲ ಮಾಲೀಕನ ಪ್ರತಿನಿಧಿ, ಅಂದ್ರೆ ಇಲ್ಲಿ ನಗರಸಭೆಯವರು, ಎದುರಿಗಿದ್ದು ಇಷ್ಟು ಕೊಟ್ಟಿದ್ದಾರೆ ಅಂತ ಸಹಿ ಹಾಕಬೇಕು. ಗುತ್ತಿಗೆದಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು. 2019ರ ವೇತನ ಸಂಹಿತೆಯ 50ನೇ ಸೆಕ್ಷನ್ ಪ್ರತಿ ಮಾಲೀಕನೂ ವೇತನ ಚೀಟಿ ಕೊಡಬೇಕು ಅನ್ನುತ್ತದೆ. ನಗರಸಭೆ ಬಿಲ್ ಪಾಸ್ ಮಾಡಿದೆ ಅಂದ್ರೆ ಎಷ್ಟು ಜನ, ಎಷ್ಟು ದಿನ, ಎಷ್ಟು ಕೂಲಿ ಅನ್ನೋದು ಅಲ್ಲಿನ ಕಡತದಲ್ಲಿ ಇರಲೇಬೇಕು. ಆ ಹಾಳೆಯಲ್ಲಿ ನಮ್ಮ ಹುಡುಗನ ಹೆಸರಿನ ಮುಂದೆ ಇರುವ ಮೊತ್ತಕ್ಕೂ ಅವನ ಕೈಗೆ ಬಂದ ಮೊತ್ತಕ್ಕೂ ತಾಳೆ ಆಗಲ್ಲ ಅನ್ನೋದು ನನ್ನ ಗುಮಾನಿ. ಸ್ಲಿಪ್ ಯಾಕೆ ಕೊಡಲ್ಲ ಅನ್ನೋದಕ್ಕೆ ಬೇರೆ ಕಾರಣ ನನಗಂತೂ ಕಾಣ್ತಿಲ್ಲ.

ಇನ್ನೊಂದು ಭಯ ಇದೆ, ಯಾರೂ ಬಾಯಿಬಿಟ್ಟು ಹೇಳಲ್ಲ. ಬಿಪಿಎಲ್ ಕಾರ್ಡಿಗೆ ವರ್ಷದ ಆದಾಯ 1.20 ಲಕ್ಷ ಮೀರಬಾರದು. ತಿಂಗಳಿಗೆ ಹತ್ತು ಸಾವಿರ. ಆಪಿನಲ್ಲಿ ನಿಜ ಬರೆದರೆ ಅಕ್ಕಿ ಹೋಗುತ್ತೇನೋ ಅಂತ ಕಡಿಮೆ ಬರೀತಾರೆ, ಕಡಿಮೆ ಬರೆದಿದ್ದಕ್ಕೇ ಖಾತೆ ಲಾಕ್ ಆಗುತ್ತೆ. ಇವರನ್ನು ಸುಳ್ಳುಗಾರರು ಅನ್ನೋ ಮೊದಲು ಹತ್ತು ಸಾವಿರದಲ್ಲಿ ನಾಲ್ಕು ಜನರ ಸಂಸಾರ ಮಾಡಿ ತೋರಿಸಿ ಸ್ವಾಮಿ.

ಸದ್ಯಕ್ಕೆ ಹೀಗೆ ಮಾಡೋಣ. ಲಾಕ್ ಆದ ತಕ್ಷಣ ಫೋನಿನಲ್ಲಿ ಬೇಡಿಕೊಳ್ಳಬೇಡಿ, ಬರವಣಿಗೆಯಲ್ಲಿ ದೂರು ಕೊಟ್ಟು ನಂಬರ್ ಇಟ್ಟುಕೊಳ್ಳಿ. ಯಾವ ನಿಯಮದಡಿ ತಡೆದಿದ್ದೀರಿ, ಸ್ಲಿಪ್ ಇಲ್ಲದಿದ್ದರೆ ಬೇರೆ ಏನು ಒಪ್ಪುತ್ತೀರಿ ಅಂತ ಕೇಳಿ. ಪಿಎಫ್ ಕಟ್ ಆಗಿದ್ದರೆ ಆ ಪಾಸ್‌ಬುಕ್ ತೆಗೆಸಿ ಕಳಿಸಿ. (ಕೂಲಿಯಲ್ಲಿ ಹಿಡಿದು ಖಾತೆಗೆ ಕಟ್ಟದೇ ಇದ್ದರೆ ಅದು ಬೇರೆ ಜಗಳ, ಅದನ್ನೂ ಮಾಡೋಣ.) 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು, ಖರ್ಚಿಲ್ಲ. ಹೇಗೆ ಕೊಡೋದು ಅಂತ 14448ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ನಮ್ಮ ತಮ್ಮನ ದೂರು ಹೋಗಿದೆ, ಇವತ್ತಿಗೆ 19 ದಿನ.

ಜೊತೆಗೆ ನಗರಸಭೆಗೆ ಆರ್‌ಟಿಐ ಹಾಕಿದ್ದೀವಿ. ಕಳೆದ ಒಂದು ವರ್ಷದ ಕಸ ವಿಲೇವಾರಿ ಗುತ್ತಿಗೆಯ ವೇತನ ಪಾವತಿ ಪಟ್ಟಿ, ಸಹಿ ಹಾಕಿದ ಅಧಿಕಾರಿಯ ಹೆಸರು ಸಮೇತ. ನಿಮ್ಮ ನಿಮ್ಮ ಊರಲ್ಲೂ ಹಾಕಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.