ಉಮ್ರಾಕ್ಕೆ ಹೊರಟ ಮನೆ ಮತ್ತು ಆಯಾಳ ಸಂಬಳ

ಕೆಲವು ವರ್ಷಗಳ ಹಿಂದೆ ರಂಜಾನ್ ತಿಂಗಳು ಏಪ್ರಿಲ್‌ಗೆ ಬಂದಿತ್ತು. ಕಲಬುರಗಿಯ ಒಂದು ಅನುಕೂಲಸ್ಥ ಕುಟುಂಬ ಉಮ್ರಾಕ್ಕೆ ಹೊರಟಿತು. ಹೊರಡುವ ಮುನ್ನ ಮನೆಯವರು ಬಂಧುಗಳಿಗೆಲ್ಲ ಫೋನ್ ಮಾಡಿ, ಆಡಿದ ಮಾತು, ಮಾಡಿದ ತಪ್ಪುಗಳಿಗೆ ಮಾಫಿ ಕೇಳಿದರು. ಅದೇ ದಿನ ಅಡುಗೆಮನೆಯ ಬಾಗಿಲಲ್ಲಿ ಮಗು ನೋಡಿಕೊಳ್ಳುವ ಆಯಾಳಿಗೆ ಹೇಳಿದ ಮಾತು ಇಷ್ಟೇ: "ಇಪ್ಪತ್ತು ದಿನ ಬರೂದು ಬ್ಯಾಡ. ಬಂದ ಮ್ಯಾಲ ಫೋನ್ ಮಾಡ್ತೀವಿ. ಬ್ಯಾರೆ ಮನಿ ಹಿಡೀಬ್ಯಾಡ ಮತ್ತ."

ಆಕೆ ಆಳಂದ ತಾಲೂಕಿನ ಮಟಕಿಯವರು. ಗಂಡ ತೀರಿಕೊಂಡ ಮೇಲೆ ಕಲಬುರಗಿಗೆ ಬಂದು ಒಂದು ಬಾಡಿಗೆ ಕೋಣೆಯಲ್ಲಿ ಮಕ್ಕಳೊಂದಿಗೆ ಇದ್ದವರು. ತಿಂಗಳ ಸಂಬಳ 6,000 ರೂಪಾಯಿ. ಆ ತಿಂಗಳು ಕೈಗೆ ಬಂದದ್ದು 2,000. ಹಬ್ಬದ ತಿಂಗಳು! ಉಮ್ರಾದಿಂದ ಮರಳಿದವರು ಖರ್ಜೂರ, ಝಮ್‌ಝಮ್, ಒಂದು ಸೀರೆ ಮತ್ತು ಜಕಾತಿನ ಲೆಕ್ಕದಲ್ಲಿ 1,000 ರೂಪಾಯಿ ಕೊಟ್ಟರು. ಆಕೆ ದುಆ ಮಾಡಿ ತೆಗೆದುಕೊಂಡರು. ಕಡಿತವಾದ 4,000 ರೂಪಾಯಿಯ ಮಾತನ್ನು ಯಾರೂ ಎತ್ತಲಿಲ್ಲ.

ಇದು ಒಂದು ಮನೆಯ ಕಥೆಯಾಗಿದ್ದರೆ ನಾವು ಬರೆಯುತ್ತಿರಲಿಲ್ಲ. ಬೇಸಿಗೆ ರಜೆಗೆ ಮಹಾಬಳೇಶ್ವರಕ್ಕೆ ಹೋಗುವವರೂ, ಹೈದರಾಬಾದಿನ ಮದುವೆಗೆ ಹದಿನೈದು ದಿನ ಹೋಗುವವರೂ, ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಬಳಿ ಎರಡು ತಿಂಗಳು ಕಳೆಯುವವರೂ ಇದನ್ನೇ ಮಾಡುತ್ತಾರೆ. ಮಾಡಿ, ಇದು ನ್ಯಾಯವೆಂದೇ ನಂಬಿದ್ದಾರೆ. "ಕೆಲಸವನ್ನೇ ಮಾಡಿಲ್ಲವಲ್ಲ, ಕೂಲಿ ಯಾವುದಕ್ಕೆ?" ಎಂಬುದು ಅವರ ಪ್ರಶ್ನೆ. ನೋಡುವುದಕ್ಕೆ ಗಟ್ಟಿಯಾದ ಪ್ರಶ್ನೆ. ಆದರೆ ಶರೀಅತ್ ಈ ಪ್ರಶ್ನೆಗೆ ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದೆ, ಅದೂ ನಮ್ಮ ಭಾಗದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫೀ ಫಿಕ್ಹ್‌ನಲ್ಲಿಯೇ.

ಫಿಕ್ಹ್ ವಿದ್ವಾಂಸರು ಕೂಲಿಯವರನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ದರ್ಜಿಯಂತೆ ಹಲವರ ಕೆಲಸ ಹಿಡಿಯುವವನು ಒಂದು ಬಗೆ. ಬಟ್ಟೆ ಹೊಲಿದರೆ ಮಾತ್ರ ಅವನಿಗೆ ಕೂಲಿ. ಇನ್ನೊಬ್ಬನು ಅಜೀರೆ ಖಾಸ್, ಅಂದರೆ ತನ್ನ ಸಮಯವನ್ನು ಒಬ್ಬರಿಗೇ ಒಪ್ಪಿಸಿಕೊಂಡವನು. 12ನೆಯ ಶತಮಾನದ ಬುರ್ಹಾನುದ್ದೀನ್ ಮರ್ಗೀನಾನಿಯವರ 'ಹಿದಾಯ' ಇಂದಿಗೂ ನಮ್ಮ ಮದ್ರಸಗಳಲ್ಲಿ ಪಾಠವಾಗುತ್ತಿದೆ. ಅಜೀರೆ ಖಾಸ್ ಆದವನು ಒಪ್ಪಿದ ಅವಧಿಯಲ್ಲಿ ತನ್ನನ್ನು ಒಪ್ಪಿಸಿಕೊಂಡಿದ್ದರೆ ಸಾಕು, ಕೆಲಸ ನಡೆಯದಿದ್ದರೂ ಕೂಲಿಗೆ ಹಕ್ಕುದಾರನಾಗುತ್ತಾನೆ ಎಂದು ಅದು ಹೇಳುತ್ತದೆ. ಅದು ಕೊಡುವ ಉದಾಹರಣೆ ಯಾವುದು ಗೊತ್ತೇ? ತಿಂಗಳ ಲೆಕ್ಕದಲ್ಲಿ ಸೇವೆಗೆಂದು ಗೊತ್ತುಮಾಡಿಕೊಂಡ ಆಳು. 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ರಚನೆಯಾದ 'ಮಜಲ್ಲಾ' ಸಂಹಿತೆಯ 425ನೆಯ ಕಲಮು ಇದೇ ನಿಯಮವನ್ನು ಕಾನೂನಾಗಿ ಬರೆದಿಟ್ಟಿತು: ಕೆಲಸಕ್ಕೆ ಸಿದ್ಧನಿದ್ದರೆ ಕೂಲಿ ಸಲ್ಲಬೇಕು, ಸಿದ್ಧನಿಲ್ಲದೆ ನಿರಾಕರಿಸಿದರೆ ಸಲ್ಲದು.

ಮಟಕಿಯ ಆ ತಾಯಿ ನಿರಾಕರಿಸಿದ್ದರೇ? ಇಲ್ಲ. ಬಾಗಿಲಿಗೆ ಬೀಗ ಹಾಕಿದವರು ಮನೆಯವರು. ಅದರ ಮೇಲೆ "ಬ್ಯಾರೆ ಮನಿ ಹಿಡೀಬ್ಯಾಡ" ಎಂದು ಆಕೆಯ ಕೈಯನ್ನೂ ಕಟ್ಟಿ ಹೋದರು. ಕಾಯಬೇಕೆಂದು ಹೇಳಿದ ಮೇಲೆ ಆ ಕಾಯುವಿಕೆಯೇ ಕೆಲಸ. ಅದನ್ನು ಪುಕ್ಕಟೆಯಾಗಿ ಪಡೆಯುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ನಿಜ, ದಿನಗೂಲಿಯೆಂದು ಮೊದಲೇ ಮಾತಾಗಿದ್ದರೆ ಲೆಕ್ಕ ಬೇರೆ. ಆಯಾ ತಾನಾಗಿಯೇ ರಜೆ ಕೇಳಿ ಊರಿಗೆ ಹೋಗಿದ್ದರೂ ಬೇರೆ. ತಿಂಗಳು ಆರಂಭವಾಗುವ ಮುನ್ನವೇ ಕರಾರು ಮುಗಿಸಿ, "ನೀವು ಸ್ವತಂತ್ರರು, ಎಲ್ಲಿ ಬೇಕಾದರೂ ಸೇರಿಕೊಳ್ಳಿ" ಎಂದು ಹೇಳಿದವರ ಮೇಲೆ ನಾವು ಈ ಆರೋಪ ಹೊರಿಸುವುದಿಲ್ಲ. ಆದರೆ ಹಾಗೆ ಹೇಳುವವರು ಎಷ್ಟು ಮಂದಿ? ಮಗುವಿಗೆ ಒಗ್ಗಿಕೊಂಡ ಆಯಾ ಕೈತಪ್ಪಬಾರದು, ಸಂಬಳವೂ ಉಳಿಯಬೇಕು. ಎರಡೂ ಬೇಕು ನಮಗೆ.

ಅಲ್ ಮುತಫ್ಫಿಫೀನ್ ಅಧ್ಯಾಯವನ್ನು ನಾವು ಸಂತೆಯ ತಕ್ಕಡಿಗೆ ಮಾತ್ರ ಅನ್ವಯಿಸಿಕೊಂಡು ಆಳಂದ, ಅಫಜಲಪುರ, ಜೇವರ್ಗಿಯ ತೊಗರಿ ವ್ಯಾಪಾರಿಗಳಿಗೆ ಬುದ್ಧಿ ಹೇಳುತ್ತೇವೆ. ಜನರಿಂದ ಅಳೆದುಕೊಳ್ಳುವಾಗ ಪೂರ್ತಿ ಪಡೆದು, ಅಳೆದುಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ಈ ಅಳತೆಯನ್ನು ನಮ್ಮ ಮನೆಗೆ ತಂದು ನೋಡೋಣ. ಯಜಮಾನರು ಸರಕಾರಿ ನೌಕರರಾಗಿದ್ದರೆ ಗಳಿಕೆ ರಜೆ ಹಾಕಿ ಉಮ್ರಾಕ್ಕೆ ಹೋಗುತ್ತಾರೆ, ಸಂಬಳ ನಿಲ್ಲುವುದಿಲ್ಲ. ಶಿಕ್ಷಕಿಯಾದ ಪತ್ನಿಗೆ ಬೇಸಿಗೆ ರಜೆಯಲ್ಲಿಯೂ ಸಂಬಳ ಬರುತ್ತದೆ. ಕಾರ್ಖಾನೆಯ ಕಾರ್ಮಿಕನಿಗೂ 1948ರ ಕಾರ್ಖಾನೆ ಕಾಯ್ದೆ ವರ್ಷಕ್ಕೆ 240 ದಿನ ದುಡಿದರೆ ಇಪ್ಪತ್ತು ದಿನಕ್ಕೊಂದರಂತೆ ಸಂಬಳಸಹಿತ ರಜೆ ಕೊಟ್ಟಿತ್ತು. ತಮ್ಮ ಸಂಬಳದಲ್ಲಿ ಒಂದು ದಿನ ಕಡಿತವಾದರೆ ಲೆಕ್ಕಪತ್ರ ಶಾಖೆಗೆ ಅಲೆಯುವ ಇದೇ ದಂಪತಿ ಆಯಾಳ ಇಪ್ಪತ್ತು ದಿನವನ್ನು ನಿರಾಳವಾಗಿ ಕಳೆದುಬಿಡುತ್ತಾರೆ. ಪಡೆಯುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು.

ಕಾನೂನು ಆಕೆಯ ನೆರವಿಗೆ ಹೆಚ್ಚು ಬರುವುದಿಲ್ಲ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ 2004ರಲ್ಲಿಯೇ ಘೋಷಿಸಿತ್ತು. ಅದು ಎಷ್ಟು ಮನೆಗಳ ಅಡುಗೆಮನೆಯವರೆಗೆ ತಲುಪಿದೆ ಎಂಬುದನ್ನು ಓದುಗರೇ ಬಲ್ಲರು. ಮನೆಗೆಲಸದವರ ಹಕ್ಕುಗಳ ಕುರಿತ 2011ರ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ ಇನ್ನೂ ಅನುಮೋದಿಸಿಲ್ಲ. ಸರಕಾರದ ದೃಷ್ಟಿ ಬೀಳದ ಇಂಥ ಜಾಗದಲ್ಲಿಯೇ ಅಲ್ಲವೇ ತಖ್ವಾದ ಪರೀಕ್ಷೆ?

"ಇಪ್ಪತ್ತು ದಿನ ಬೇರೆ ಕೂಲಿ ಮಾಡಿಕೊಳ್ಳಲಿ" ಎನ್ನುವವರು ಒಮ್ಮೆ ಏಪ್ರಿಲ್‌ನಲ್ಲಿ ಮಟಕಿಯ ಹೊಲಗಳನ್ನು ನೋಡಿ ಬರಬೇಕು. ತೊಗರಿ ರಾಶಿ ಮುಗಿದು ತಿಂಗಳುಗಳಾಗಿರುತ್ತವೆ, ಜೋಳವೂ ಮನೆ ಸೇರಿರುತ್ತದೆ. ಮುಂದಿನ ಬಿತ್ತನೆಗೆ ಮೃಗಶಿರಾ ಮಳೆ ಬರಬೇಕು. ಬಿರುಕು ಬಿಟ್ಟ ಎರೆ ಭೂಮಿಯಲ್ಲಿ ಆಗ ಹೆಣ್ಣಾಳಿಗೆ ಕೆಲಸವಿರುವುದಿಲ್ಲ. ಅದಕ್ಕೇ ಜನ ಗುಳೆ ಹೋಗುವುದು. ಊರಿಗೆ ಹೋಗಲು ಬಸ್ಸು ಈಗ ಹೆಂಗಸರಿಗೆ ಉಚಿತವಾಗಿದೆ, ಸರಿ. ಕಲಬುರಗಿಯ ಕೋಣೆಯ ಬಾಡಿಗೆ ಉಚಿತವಾಗಿಲ್ಲ. ನಗರದಲ್ಲಿಯೂ ಇಪ್ಪತ್ತೇ ದಿನಕ್ಕೆಂದು ಆಯಾಳನ್ನು ಇಟ್ಟುಕೊಳ್ಳುವ ಮನೆ ಸಿಗುವುದಿಲ್ಲ.

"ರಂಜಾನ್‌ನಲ್ಲಿ ಜಕಾತ್ ಕೊಡುತ್ತೇವಲ್ಲ" ಎಂಬ ಸಮಾಧಾನವಂತೂ ಅತ್ಯಂತ ಅಪಾಯಕಾರಿ. ಕೂಲಿ ನಮ್ಮ ಮೇಲಿನ ಸಾಲ, ಜಕಾತ್ ಬಡವರ ಹಕ್ಕು. ಕೂಲಿಯ ಬದಲಿಗೆ ಕೊಟ್ಟ ಹಣ ಜಕಾತ್ ಆಗುವುದಿಲ್ಲ. ನಾಲ್ಕು ಸಾವಿರ ಹಿಡಿದಿಟ್ಟು ಒಂದು ಸಾವಿರ ಕೊಟ್ಟವರು ದಾನ ಮಾಡಿದರೇ, ಸಾಲದಲ್ಲಿ ಉಳಿದರೇ? ಆಯಾ ಮುಸ್ಲಿಮಳಲ್ಲದಿದ್ದರೂ ಈ ಸಾಲದಲ್ಲಿ ವ್ಯತ್ಯಾಸವಿಲ್ಲ. ಹಿಜ್ರತ್‌ನ ದಾರಿ ತೋರಿಸಲು ಪ್ರವಾದಿ(ಸ) ಮತ್ತು ಹಝ್ರತ್ ಅಬೂಬಕರ್(ರ) ಕೂಲಿಗೆ ಗೊತ್ತುಮಾಡಿಕೊಂಡಾತ ಆಗ ಮುಸ್ಲಿಮನಾಗಿರಲಿಲ್ಲ ಎಂಬುದು ಬುಖಾರಿಯಲ್ಲಿದೆ.

ಮಗುವನ್ನು ಪೋಷಿಸುವವಳ ಕೂಲಿಗೆ ಕುರ್‌ಆನಿನಲ್ಲಿಯೇ ಸ್ಥಾನವಿದೆ. ಮಗುವಿಗೆ ಹಾಲುಣಿಸಲು ಬೇರೊಬ್ಬಳನ್ನು ಇಟ್ಟುಕೊಂಡರೆ ಒಪ್ಪಿದ್ದನ್ನು ಉತ್ತಮ ರೀತಿಯಲ್ಲಿ ಸಲ್ಲಿಸಬೇಕೆಂದು ಅಲ್ ಬಕರದ 233ನೆಯ ವಚನ ಹೇಳುತ್ತದೆ. ಹಾಲುಣಿಸಿದವಳಿಗೆ ಪ್ರತಿಫಲ ಕೊಡಬೇಕೆಂದು ಅತ್ತಲಾಕ್‌ನ 6ನೆಯ ವಚನವೂ ಆದೇಶಿಸುತ್ತದೆ. ದಾದಿಯರ ವಿಷಯದಲ್ಲಿ ಜನರು ಮಕ್ಕಳ ಮೇಲಿನ ಮಮತೆಯಿಂದ ಕೈ ಬಿಚ್ಚಿ ಕೊಡುವುದೇ ರೂಢಿಯೆಂದು 'ಹಿದಾಯ' ದಾಖಲಿಸಿದೆ. ಆ ರೂಢಿ ನಮ್ಮಲ್ಲಿ ಯಾವಾಗ ತಿರುಗಿ ನಿಂತಿತೋ! ತನ್ನನ್ನು ಎತ್ತಿ ಆಡಿಸಿದ ಉಮ್ಮು ಐಮನ್(ರ) ಅವರನ್ನು ಪ್ರವಾದಿ(ಸ)ರವರು ಜೀವನಪೂರ್ತಿ ಸಂದರ್ಶಿಸುತ್ತಿದ್ದರು. ಅವರ ಮರಣಾನಂತರ ಹಝ್ರತ್ ಅಬೂಬಕರ್(ರ) ಮತ್ತು ಹಝ್ರತ್ ಉಮರ್(ರ) ಆ ಸಂದರ್ಶನವನ್ನು ಮುಂದುವರಿಸಿದರೆಂದು ಸಹೀಹ್ ಮುಸ್ಲಿಮ್ ತಿಳಿಸುತ್ತದೆ. ನಮ್ಮ ಮಕ್ಕಳೂ ಆಯಾಳನ್ನು 'ಖಾಲಾ' ಎಂದೇ ಕರೆಯುತ್ತಾರೆ. ಚಿಕ್ಕಮ್ಮನ ಹೆಸರು ಕೊಟ್ಟಿದ್ದೇವೆ, ಸಂಬಳ ಹಿಡಿದಿದ್ದೇವೆ.

ಗುಹೆಯಲ್ಲಿ ಸಿಲುಕಿದ ಮೂವರ ಹದೀಸ್ ಎಲ್ಲರಿಗೂ ಗೊತ್ತು. ಅವರಲ್ಲೊಬ್ಬನ ಬಳಿ ಒಬ್ಬ ಕೂಲಿಯಾಳಿನ ಹಣ ಉಳಿದುಹೋಗಿತ್ತು. ಅವನು ಅದನ್ನು ಬೆಳೆಸಿ, ಕಾಲಾನಂತರ ಆಳು ಬಂದು ಕೇಳಿದಾಗ ಅದರಿಂದಾದ ಜಾನುವಾರುಗಳನ್ನೆಲ್ಲ ಒಪ್ಪಿಸಿಬಿಟ್ಟ. ಆ ಕರ್ಮವನ್ನು ಮುಂದಿಟ್ಟು ದುಆ ಮಾಡಿದಾಗ ಬಂಡೆ ಸರಿಯಿತು. ನಮ್ಮಿಂದ ಯಾರೂ ಬೆಳೆಸಿ ಕೊಡಿರೆಂದು ಕೇಳುತ್ತಿಲ್ಲ. ಹಿಂದಿನ ರಜೆಗಳಲ್ಲಿ ಕಡಿತ ಮಾಡಿದವರು ತಿಂಗಳು, ದಿನಗಳನ್ನು ನೆನಪಿಸಿಕೊಂಡು ಲೆಕ್ಕ ಹಾಕಿ ಅಸಲು ಕೊಡಲಿ. ಆಯಾ ಕೆಲಸ ಬಿಟ್ಟುಹೋಗಿದ್ದರೆ ಹುಡುಕಿಸಲಿ, ತೀರಿಕೊಂಡಿದ್ದರೆ ಅವರ ವಾರಸುದಾರರಿಗೆ ಮುಟ್ಟಿಸಲಿ. ಶಹೀದನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಉಳಿಯುತ್ತದೆ ಎಂದ ಮೇಲೆ ಉಮ್ರಾ ಮಾಡಿದವರಿಗೆ ಬೇರೆ ನಿಯಮವಿರುವುದೇ?

ಮಟಕಿಯ ಆ ತಾಯಿ ಈಗ ಬೇರೆ ಮನೆಯಲ್ಲಿ ದುಡಿಯುತ್ತಿದ್ದಾರೆ. ಅವರ ಫೋನ್ ನಂಬರ್ ಬದಲಾಗಿಲ್ಲ, ಹಳೆಯ ಮನೆಯವರ ಬಳಿ ಅದು ಇದ್ದೇ ಇದೆ.