ತೆರೆದ ಕಿಟಕಿಯ ಲೆಕ್ಕ

ನಮ್ಮ ಸೀಮೆಯ ವಿಶ್ವವಿದ್ಯಾಲಯವೊಂದರ ಹಳೆಯ ಉಪನ್ಯಾಸ ಮಂದಿರದಲ್ಲಿ ಕಳೆದ ತಿಂಗಳು ಮಾತನಾಡುವ ಪ್ರಸಂಗ ನಮಗೊದಗಿತು. ಮೂವತ್ತು ವರ್ಷಗಳ ಹಿಂದೆ ಅಲ್ಲಿಯೇ ಧ್ವನಿವರ್ಧಕವಿಲ್ಲದೆ ಒಂದು ತಾಸು ಮಾತನಾಡಿದ್ದೆವು. ಕಡೆಯ ಸಾಲಿನವರಿಗೂ ಕೇಳಿಸಿತ್ತು. ಈಗ ಮಂದಿರವು ಜೀರ್ಣೋದ್ಧಾರಗೊಂಡಿದೆ. ನೆಲಕ್ಕೆ ಗ್ರಾನೈಟು, ಗೋಡೆಗೆ ನುಣುಪಾದ ಬಿಲ್ಲೆ, ಎತ್ತರದ ಎಂಟು ಕಿಟಕಿಗಳಿಗೆ ತೆರೆಯಲಾಗದ ಗಾಜು. ನೋಡಲು ಸೊಗಸು. ಆದರೆ ನಾವಾಡಿದ ಒಂದೊಂದು ನುಡಿಯೂ ಹಿಂದಿನ ನುಡಿಯ ಮೇಲೆ ಬಿದ್ದು ಕಲಸಿಹೋಗುತ್ತಿತ್ತು. ಹಿಂದೆ ಕುಳಿತ ಮಕ್ಕಳು ಬರೆಯುವುದನ್ನು ಬಿಟ್ಟು ನಮ್ಮ ಮುಖವನ್ನೇ ನೋಡುತ್ತಿದ್ದರು. ಹಳ್ಳಿಯಿಂದ ಬಂದು, ಮನೆಯಲ್ಲಿ ಹೇಳಿಕೊಡುವವರಿಲ್ಲದ ವಿದ್ಯಾರ್ಥಿಗೆ ಆ ಪಾಠ ಕೇಳಿಸದಿದ್ದರೆ ಬೇರೆ ಗತಿಯೇನು?

ಇದು ಹೊಸ ತೊಡಕಲ್ಲ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು ಫಾಗ್ ಕಲಾಸಂಗ್ರಹಾಲಯದಲ್ಲಿ ಹೊಸ ಉಪನ್ಯಾಸ ಮಂದಿರವೊಂದನ್ನು ಕಟ್ಟಿಸಿತು. ಅದು ಬರಿದಾಗಿದ್ದಾಗ ಆಡಿದ ಮಾತು ಐದು ಸೆಕೆಂಡಿಗೂ ಮಿಕ್ಕಿ ಗುಂಯ್ಗುಡುತ್ತಿತ್ತು. ಇದನ್ನು ಸರಿಪಡಿಸುವ ಹೊಣೆ ವ್ಯಾಲೇಸ್ ಸೇಬಿನ್ ಎಂಬ ತರುಣ ಭೌತಶಾಸ್ತ್ರಜ್ಞನ ಪಾಲಿಗೆ ಬಂದಿತು. ಆತನು ರಾತ್ರಿವೇಳೆ ಸಮೀಪದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ ಹರಡುವನು. ಆರ್ಗನ್ ವಾದ್ಯದ ಕೊಳವೆಯನ್ನು ಊದಿಸಿ, ನಿಲ್ಲಿಸಿ, ನಾದವು ಅಡಗುವವರೆಗಿನ ಕಾಲವನ್ನು ಕಿವಿಯಿಂದಲೇ ಅಳೆಯುವನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುವನು. ಹೀಗೆ ವರ್ಷಗಳ ಪರಿಶ್ರಮದಿಂದ ಸೂತ್ರವೊಂದು ದೊರೆಯಿತು: ಕೋಣೆಯ ಗಾತ್ರ ಹೆಚ್ಚಿದಂತೆ ಅನುರಣನ ಹೆಚ್ಚುವುದು, ಶಬ್ದವನ್ನು ಹೀರುವ ವಸ್ತು ಹೆಚ್ಚಿದಂತೆ ಅದು ತಗ್ಗುವುದು. ಗೋಡೆಗಳಿಗೆ ಉಣ್ಣೆಗಂಬಳಿಯಂಥ ಹೊದಿಕೆ ಹಾಕಿಸಿದ ಮೇಲೆ ಮಂದಿರವು ಪಾಠಕ್ಕೆ ಯೋಗ್ಯವಾಯಿತು. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಆತನ ಲೆಕ್ಕದ ನೆರವಿನಿಂದಲೇ ರೂಪುಗೊಂಡಿತು. (ಮಠದ ಪಾಠಶಾಲೆಯಲ್ಲಿ ಕಂಬಳಿಯ ಮೇಲೆ ಕುಳಿತು ಕಲಿತ ನಮಗೆ, ಆ ಕಂಬಳಿಯೂ ಶಬ್ದವನ್ನು ನುಂಗುತ್ತಿತ್ತೆಂಬುದು ತಿಳಿದದ್ದು ಈ ವೃತ್ತಾಂತವನ್ನೋದಿದ ಮೇಲೆಯೇ.)

ಸೇಬಿನ್ ಇಟ್ಟುಕೊಂಡ ಅಳತೆಗೋಲು ಯಾವುದೆಂದರೆ ತೆರೆದ ಕಿಟಕಿ. ಅದರಿಂದ ಹೊರಬಿದ್ದ ಶಬ್ದ ಮರಳಿ ಬಾರದಷ್ಟೆ! ಎಂಟು ಕಿಟಕಿಗಳನ್ನು ಮುಚ್ಚಿದವರು ಮಂದಿರದ ಬಾಯಿಯನ್ನೇ ಕಟ್ಟಿದಂತಾಯಿತು. ಧ್ವನಿವರ್ಧಕ ಹಾಕಿಸೋಣವೆಂದು ಅಧಿಕಾರಿಗಳು ಸಮಾಧಾನ ಹೇಳಿದರು. ಅದು ಮಾತಿನೊಡನೆ ಗದ್ದಲವನ್ನೂ ದೊಡ್ಡದು ಮಾಡೀತು.

ಕಿಟಕಿಗಳಲ್ಲಿ ನಾಲ್ಕನ್ನಾದರೂ ತೆರೆಯುವಂತೆ ಮಾಡಿಸಿ, ಹಿಂಗೋಡೆಗೆ ದಪ್ಪನೆಯ ಬಟ್ಟೆ ಹೊದಿಸಿರೆಂದು ಪತ್ರ ಬರೆದಿದ್ದೇವೆ. ಬರುವ ತಿಂಗಳು ಮತ್ತೆ ಅಲ್ಲಿ ನಮ್ಮ ಉಪನ್ಯಾಸವಿದೆ. ಅಂದು ಕಡೆಯ ಸಾಲಿನಲ್ಲಿ ಮೊದಲು ನಾವೇ ಕುಳಿತು ಕೇಳಬೇಕೆಂದಿದ್ದೇವೆ.