ಬಣ್ಣದ ಚಿತ್ರಕ್ಕೆ ಮಾರ್ಕ್ಸು, ನೀರಿನ ಲೆಕ್ಕ ಯಾರಿಗೆ?

ಹೋದ ವರ್ಷ ನಮ್ಮ ಮಿನಿ ಪ್ರಾಜೆಕ್ಟಿಗೆ ಒಳ್ಳೇ ಮಾರ್ಕ್ಸ್ ಬಂತು. ವಿಷಯ: ಹಂಪಿಯ ಪುರಂದರ ಮಂಟಪದ ಕಂಬಗಳ ಸುತ್ತ ತುಂಗಭದ್ರೆಯ ಹರಿವು. ನಾಲ್ಕು ಜನ, ಒಂದು ಲ್ಯಾಪ್‌ಟಾಪ್, ಒಂದು ಸಿಎಫ್‌ಡಿ ಪ್ಯಾಕೇಜು. ಕೊನೇ ಸ್ಲೈಡಿನಲ್ಲಿ ಕಂಬಗಳ ಮುಂದೆ ಕೆಂಪು, ಹಿಂದೆ ನೀಲಿ, ನಡುವೆ ಹಳದಿ. ನೋಡಿದವರೆಲ್ಲ "ಸೂಪರ್" ಅಂದರು. ಎಕ್ಸಾಮಿನರ್ ಕೇಳಿದ್ದು ಎರಡೇ ಪ್ರಶ್ನೆ: ಯಾವ ಸಾಫ್ಟ್‌ವೇರ್, ಮೆಶ್‌ನಲ್ಲಿ ಎಷ್ಟು ಸೆಲ್.

ಮೂರು ತಿಂಗಳು ಕಳೆದ ಮೇಲೆ ಯಾಕೋ ಅದೇ ಫೈಲು ತೆರೆದು, ಒಳಗೆ ಬಂದ ನೀರೆಷ್ಟು, ಹೊರಗೆ ಹೋದ ನೀರೆಷ್ಟು ಅಂತ ಕೂಡಿ ನೋಡಿದೆ. ಒಳಗೆ 100 ಲೀಟರ್ ಬಂದರೆ ಹೊರಗೆ ಹೋಗ್ತಿದ್ದದ್ದು 93. ಉಳಿದ ಏಳು ಲೀಟರ್ ಎಲ್ಲಿ ಹೋಯ್ತು? ಮಂಟಪ ಕುಡೀತಾ?

ಹಾಗೆ ನೋಡಿದರೆ ತಪ್ಪಿನ ಸುಳಿವು ನಮಗೆ ಮೊದಲೇ ಸಿಕ್ಕಿತ್ತು. ಪ್ರಾಜೆಕ್ಟ್ ಶುರು ಮಾಡುವ ಮುಂಚೆ ಜಾಗ ನೋಡೋಕೆ ಹೋಗಿದ್ವಿ. ಹಂಪಿ ಬಜಾರಿನಲ್ಲಿ ಬಸ್ಸಿಳಿದು, ಮಂಡಕ್ಕಿ ಮಿರ್ಚಿ ತಿಂದು, ಬಜಾರು ಮುಗಿಯೋ ಕಡೆ ಎಡಕ್ಕೆ ಹೊರಳಿ ಹೊಳೆದಂಡೆ ಹಿಡಿದ್ವಿ. ಕೋದಂಡರಾಮ ದೇವಸ್ಥಾನದ ಮುಂದೆ ನೀರಿಗೆ ಕಾಲಿಡೋಕೆ ಹೋದಾಗ ಹರಿಗೋಲಿನ ಹಿರಿಯರೊಬ್ಬರು ಕೂಗಿದರು: "ಏ ತಮ್ಮಾ, ಅಲ್ಲಿ ಇಳೀಬ್ಯಾಡ. ಮ್ಯಾಲೆ ಸುಮ್ನ ಕಾಣ್ತೈತಿ, ಬಂಡಿ ಹಿಂದ ನೀರು ತಿರುಗಿ ಬರ್ತೈತಿ." ನಾವು ಹೂಂ ಅಂದು ಮುಂದೆ ನಡೆದ್ವಿ. ನಮ್ಮ ಬಣ್ಣದ ಚಿತ್ರದಲ್ಲಿ ಒಂದೇ ಒಂದು ಕಂಬದ ಹಿಂದೆಯೂ ನೀರು ತಿರುಗಿ ಬಂದಿರಲಿಲ್ಲ. ಎಲ್ಲಾ ಶಿಸ್ತಾಗಿ ಮುಂದಕ್ಕೇ ಹೋಗ್ತಿತ್ತು. ಆ ಹಿರಿಯರಿಗೆ ಸ್ಲೈಡ್ ತೋರಿಸಿದ್ದರೆ ಎರಡು ಸೆಕೆಂಡಿನಲ್ಲಿ ಫೇಲ್ ಮಾಡ್ತಿದ್ದರು.

ನನ್ನ ವಾದ ಇಷ್ಟೇ. ಸಿಎಫ್‌ಡಿ ಪ್ಯಾಕೇಜು ಕೈಗೆ ಕೊಡುವ ಮೊದಲು ನಮ್ಮಂಥ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಲೂ ಒಂದು ಸಣ್ಣ ಸಾಲ್ವರ್ ಬರೆಸಬೇಕು. ಎರಡು ಆಯಾಮದ್ದು ಸಾಕು, ಪೈಥಾನಲ್ಲಾದರೂ ಸರಿ. ಬರೆಸದೆ ಹೋದರೆ ಒತ್ತಡ ಅಂದರೇನು ಅಂತಲೇ ಗೊತ್ತಿಲ್ಲದೆ ನಾಲ್ಕು ವರ್ಷ ಮುಗಿಯುತ್ತೆ. (ಪರೀಕ್ಷೆ ಹಿಂದಿನ ರಾತ್ರಿಯ ಒತ್ತಡ ಎಲ್ಲರಿಗೂ ಗೊತ್ತು, ಅದಲ್ಲ.)

ವಿಷಯ ಇಲ್ಲಿದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1480 ಮೀಟರ್. ಹೊಳೆ ತುಂಬಿ ಬಂದಾಗ ನೀರಿನ ವೇಗ ಮೂರು ಮೀಟರ್ ಅಂತ ಇಟ್ಟುಕೊಳ್ಳಿ. ಶಬ್ದದ ಅಲೆಯನ್ನೂ ಬಿಡದೆ ಹಿಂಬಾಲಿಸ್ತೀನಿ ಅಂತ ಹೊರಟರೆ, 10 ಸೆಂ.ಮೀ. ಸೆಲ್ಲಿಗೆ ಒಂದು ಟೈಮ್ ಸ್ಟೆಪ್ ಸೆಕೆಂಡಿನ 15 ಸಾವಿರದಲ್ಲಿ ಒಂದು ಭಾಗ ದಾಟೋ ಹಾಗಿಲ್ಲ. ನೀರಿನ ಚಲನೆಯನ್ನಷ್ಟೇ ಹಿಂಬಾಲಿಸಿದರೆ ಸೆಕೆಂಡಿನ 30ರಲ್ಲಿ ಒಂದು ಭಾಗ ಸಾಕು. ಸುಮಾರು 500 ಪಟ್ಟು ವ್ಯತ್ಯಾಸ! ಕಂಬದ ಸುತ್ತ ನೀರು ಹೇಗೆ ತಿರುಗುತ್ತೆ ಅನ್ನೋದಕ್ಕೆ ಶಬ್ದದ ಅಲೆ ಬೇಕಾಗಿಯೂ ಇಲ್ಲ. ಅದಕ್ಕೇ ನೀರು ಅಮುಕಿದರೆ ಕುಗ್ಗುವುದೇ ಇಲ್ಲ, ಸಾಂದ್ರತೆ ಬದಲಾಗುವುದೇ ಇಲ್ಲ ಅಂತ ಒಪ್ಪಿಕೊಳ್ತೀವಿ.

ಒಪ್ಪಿಕೊಂಡ ತಕ್ಷಣ ಒಂದು ಪೇಚು. ಗಾಳಿಯ ಲೆಕ್ಕದಲ್ಲಿ ಸಾಂದ್ರತೆ, ಉಷ್ಣತೆ ಗೊತ್ತಾದರೆ ಒತ್ತಡ ಸಿಗುತ್ತೆ. ಇಲ್ಲಿ ಸಾಂದ್ರತೆ ಬದಲಾಗುವುದಿಲ್ಲವಲ್ಲ, ಒತ್ತಡ ಎಲ್ಲಿಂದ ತರೋದು? ನೇವಿಯರ್-ಸ್ಟೋಕ್ಸ್ ಸಮೀಕರಣಗಳಲ್ಲಿ ವೇಗಕ್ಕೆ ಸಮೀಕರಣ ಇದೆ, ಒತ್ತಡಕ್ಕೆ ಅಂತ ಒಂದೂ ಇಲ್ಲ. ಉಳಿದ ಸಮೀಕರಣ ಹೇಳೋದು ಒಂದೇ ಮಾತು: ಯಾವ ಸೆಲ್ಲಿಗಾದರೂ ಬಂದಷ್ಟು ನೀರು ಹೋಗಬೇಕು. ಅದರಲ್ಲಿ ಒತ್ತಡದ ಹೆಸರೇ ಬರೋದಿಲ್ಲ.

ಮೂರನೇ ವರ್ಷದಲ್ಲಿ ಈ ಸಮೀಕರಣಗಳನ್ನ ಬಾಯಿಪಾಠ ಮಾಡಿ ಬರೆದಿದ್ದೆ. ಈ ಪೇಚು ಕಣ್ಣಿಗೆ ಬಿದ್ದಿರಲಿಲ್ಲ. ಕೋಡ್ ಬರೆಯೋಕೆ ಕೂತು, "ಈಗ ಪ್ರೆಶರ್ ಅರೇಗೆ ಏನು ತುಂಬಲಿ?" ಅಂತ ಕೈ ನಿಂತಾಗಲೇ ಬಿದ್ದದ್ದು.

ಉತ್ತರ ತುಂಬಾ ಚೆಂದ ಇದೆ. 1960ರ ದಶಕದ ಕೊನೆಗೆ ಅಲೆಕ್ಸಾಂಡರ್ ಕೊರಿನ್ ತೋರಿಸಿದ ದಾರಿ ಹೀಗೆ. ಮೊದಲು ಒತ್ತಡವನ್ನ ಮರೆತೇಬಿಡಿ. ನೀರು ತನ್ನ ಓಟದಲ್ಲಿ, ತನ್ನ ಜಿಗುಟಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಲಿ. ಆಗ ಕೆಲವು ಸೆಲ್ಲುಗಳಲ್ಲಿ ನೀರು ಹೆಚ್ಚಾಗಿರುತ್ತೆ, ಕೆಲವದರಲ್ಲಿ ಕಮ್ಮಿ. ಈ ಹೆಚ್ಚುಕಮ್ಮಿಯನ್ನ ಸರಿಮಾಡೋಕೆ ಎಲ್ಲೆಲ್ಲಿ ಎಷ್ಟೆಷ್ಟು ತಳ್ಳಬೇಕು ಅನ್ನೋದನ್ನ ಪಾಯ್ಸನ್ ಸಮೀಕರಣ ಬಿಡಿಸಿ ಕಂಡುಹಿಡೀರಿ. ಆ ತಳ್ಳುವಿಕೆಯೇ ಒತ್ತಡ. ಅದರ ಇಳಿಜಾರನ್ನ ವೇಗದಿಂದ ಕಳೆದರೆ ಪ್ರತಿ ಸೆಲ್ಲಿನ ಲೆಕ್ಕವೂ ಚುಕ್ತಾ. ಈ ಬಗೆಯ ಹರಿವಿನಲ್ಲಿ ಒತ್ತಡಕ್ಕಿರೋ ಕೆಲಸ ಇದೊಂದೇ, ನೀರಿನ ಲೆಕ್ಕ ತಪ್ಪದ ಹಾಗೆ ಕಾಯೋದು.

ಇದಕ್ಕೆ ತೆರುವ ಬೆಲೆಯೂ ಇದೆ. ಶಬ್ದದ ವೇಗ ಅನಂತ ಅಂದುಕೊಂಡ ಮೇಲೆ ಹೊಳೆಯ ಈ ತುದಿಯಲ್ಲಿ ಆದದ್ದು ಆ ತುದಿಗೆ ಅದೇ ಕ್ಷಣಕ್ಕೆ ಗೊತ್ತಾಗಬೇಕು. ಅಂದರೆ ಪ್ರತಿ ಹೆಜ್ಜೆಗೂ ಎಲ್ಲಾ ಸೆಲ್ಲುಗಳು ಎಲ್ಲಾ ಸೆಲ್ಲುಗಳ ಜೊತೆ ಮಾತಾಡಬೇಕು. ಸಿಮ್ಯುಲೇಶನ್ನಿನ ಸಮಯದ ದೊಡ್ಡ ಪಾಲು ತಿನ್ನೋದು ಈ ಒಂದು ಸಮೀಕರಣ. ನಮ್ಮ ಏಳು ಲೀಟರ್ ಸೋರಿದ್ದೂ ಇಲ್ಲೇ. ಸಬ್‌ಮಿಶನ್ ಹಿಂದಿನ ರಾತ್ರಿ, ಲ್ಯಾಪ್‌ಟಾಪ್ ಫ್ಯಾನು ಗಿರಣಿ ಥರ ಸದ್ದು ಮಾಡ್ತಿತ್ತು. ಒತ್ತಡದ ಲೆಕ್ಕ ಇನ್ನೂ ಇಳೀತಾ ಇರೋವಾಗಲೇ "ಸಾಕು ಬಿಡೋ, ಚಿತ್ರ ಬಂತಲ್ಲ" ಅಂತ ನಿಲ್ಲಿಸಿದ್ವಿ. ಹಾಗಂದವನು ನಾನೇ. ನೀರು ತಿರುಗಿ ಬರದೇ ಇದ್ದದ್ದಕ್ಕೆ ಒರಟು ಮೆಶ್ಶು, ಮೊದಲ ದರ್ಜೆಯ ಅಪ್‌ವಿಂಡ್ ಸ್ಕೀಮು ಎರಡೂ ಸೇರಿ ಕಾರಣ. ಆ ಸ್ಕೀಮು ನೀರಿಗೆ ಇಲ್ಲದ ಜಿಗುಟನ್ನ ಸೇರಿಸಿ, ಸುಳಿಗಳನ್ನೆಲ್ಲ ಒರೆಸಿ ಹಾಕಿಬಿಡುತ್ತೆ. ಚಿತ್ರ ಮಾತ್ರ ನುಣ್ಣಗೆ ಕಾಣುತ್ತೆ.

ಇನ್ನೊಂದು ಪಾಠ ಹಂಪಿಯ ನೆಲದ ಮೇಲೇ ಇದೆ. ಅಲ್ಲಿನ ಮಂಟಪಗಳ ಹಾಸುಗಲ್ಲಿನ ಮೇಲೆ ಆಟದ ಮನೆಗಳನ್ನ ಕೆತ್ತಿರೋದು ನೋಡಿರಬಹುದು. ಒತ್ತಡ, ವೇಗ ಎರಡನ್ನೂ ಒಂದೇ ಮನೆಯೊಳಗೆ ಇಟ್ಟು ಲೆಕ್ಕ ಹಾಕಿದರೆ ಒಂದು ವಿಚಿತ್ರ ಆಗುತ್ತೆ. ಒತ್ತಡ ಒಂದು ಮನೆಯಲ್ಲಿ 100, ಪಕ್ಕದಲ್ಲಿ 0, ಮತ್ತೆ 100, ಮತ್ತೆ 0 ಹೀಗೆ ಚದುರಂಗದ ಮಣೆ ಥರ ಕೂತರೂ ವೇಗಕ್ಕೆ ಅದು ಕಾಣೋದೇ ಇಲ್ಲ. ಯಾಕಂದ್ರೆ ಸೂತ್ರ ನೋಡೋದು ಎಡಗಡೆ ಮನೆ, ಬಲಗಡೆ ಮನೆ ಮಾತ್ರ, ಎರಡೂ ಕಡೆ ಒಂದೇ ಅಂಕಿ. 1965ರಲ್ಲಿ ಲಾಸ್ ಅಲಾಮೋಸ್‌ನ ಹಾರ್ಲೋ ಮತ್ತು ವೆಲ್ಚ್ ಬೇರೆ ಥರ ಜೋಡಿಸಿದರು: ಒತ್ತಡ ಮನೆಯ ನಡುವೆ, ವೇಗ ಮನೆಮನೆಗಳ ನಡುವಿನ ಗೆರೆಯ ಮೇಲೆ. ಚೌಕಾಬಾರದ ಕಾಯಿ ಮನೆಯೊಳಗೆ ಕೂರುತ್ತೆ, ಆಡು-ಹುಲಿ ಆಟದ ಕಾಯಿ ಗೆರೆಗಳ ಮೇಲೆ ಕೂರುತ್ತೆ. ಎರಡೂ ಆಟ ಒಂದೇ ಕಲ್ಲಿನ ಮೇಲೆ ಆಡಿದ ಹಾಗೆ. ಆಗ ಪಕ್ಕಪಕ್ಕದ ಮನೆಗಳ ವ್ಯತ್ಯಾಸವೇ ನಡುವಿನ ಗೆರೆಯ ವೇಗವನ್ನ ತಳ್ಳುತ್ತೆ, ಚದುರಂಗದ ಮಣೆಗೆ ಬಚ್ಚಿಟ್ಟುಕೊಳ್ಳೋಕೆ ಜಾಗ ಇರೋಲ್ಲ.

ನಾವು ಪ್ಯಾಕೇಜಿನಲ್ಲಿ ಕಣ್ಣುಮುಚ್ಚಿ ಆರಿಸುವ 'ಸಿಂಪಲ್' ವಿಧಾನ 1972ರದ್ದು, ಸುಹಾಸ್ ಪಾಟಣಕರ್ ಮತ್ತು ಬ್ರಯನ್ ಸ್ಪಾಲ್ಡಿಂಗ್ ಕೊಟ್ಟದ್ದು. ಪಾಟಣಕರ್ ಪುಣೆಯಲ್ಲಿ ಇಂಜಿನಿಯರಿಂಗ್, ಐಐಟಿ ಬಾಂಬೆಯಲ್ಲಿ ಎಂ.ಟೆಕ್ ಓದಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದವರು. 1980ರ ಅವರ ಪುಸ್ತಕ ತೆಳ್ಳಗಿದೆ, ಓದಿದರೆ ಅರ್ಥವಾಗೋ ಹಾಗಿದೆ. ವೈವಾದಲ್ಲಿ ಒತ್ತಡದ ರಿಲ್ಯಾಕ್ಸೇಶನ್ 0.3 ಯಾಕಪ್ಪಾ ಅಂತ ಕೇಳಿದರೆ ನಾವು "ಡಿಫಾಲ್ಟ್ ಸರ್" ಅಂತೀವಿ. ನಮ್ಮ ರಾಜ್ಯದ ಮಾತೇ ತಗೊಳ್ಳಿ. 1986ರಲ್ಲಿ ಬೆಂಗಳೂರಿನ ಎನ್‌ಎಎಲ್‌ನವರು ಹರಿವಿನ ಸಮೀಕರಣ ಬಿಡಿಸೋಕೆ ಅಂತಲೇ ಸಮಾಂತರ ಕಂಪ್ಯೂಟರ್ ಕಟ್ಟಿ 'ಫ್ಲೋಸಾಲ್ವರ್' ಅಂತ ಹೆಸರಿಟ್ಟರು. ಅವರು ಮೆಶಿನ್ನನ್ನೇ ಕಟ್ಟಿದರು, ನಮಗೆ 150 ಸಾಲು ಕೋಡ್ ಬರೆಯೋಕೆ ಮೈಭಾರ.

"ಬರೆದು ಏನಾಗ್ಬೇಕೋ? ಪ್ಲೇಸ್‌ಮೆಂಟಿಗೆ ಸಾಫ್ಟ್‌ವೇರ್ ಹೆಸರು ಬೇಕು" ಅಂತ ನನ್ನ ರೂಮ್‌ಮೇಟ್ ಹೇಳ್ತಾನೆ. ಅವನ ಮಾತು ಸುಳ್ಳಲ್ಲ. ರೆಸ್ಯೂಮೆಯಲ್ಲಿ ಪ್ಯಾಕೇಜಿನ ಹೆಸರಿಲ್ಲದೆ ಹೋದರೆ ಕರೆಯೋದೇ ಇಲ್ಲ. ನಾವು ಬರೆದ ಸಾಲ್ವರ್‌ನಿಂದ ಯಾವ ಕಂಪನಿಯೂ ಪಂಪ್ ಡಿಸೈನ್ ಮಾಡೋದಿಲ್ಲ ಅನ್ನೋದೂ ನಿಜ. ಪ್ಯಾಕೇಜು ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅವನಿಗೆ ನಾನು ಕೇಳಿದ್ದು ಡ್ಯಾಮಿನ ಪ್ರಶ್ನೆ.

ನಮ್ಮ ಕಡೆಯವರಿಗೆ 2024ರ ಆಗಸ್ಟ್ 10ರ ರಾತ್ರಿ ಮರೆಯೋ ಹಾಗಿಲ್ಲ. ತುಂಬಿ ನಿಂತಿದ್ದ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯ್ತು. ಭಾರ ಇಳಿಸೋಕೆ ಉಳಿದ ಗೇಟುಗಳನ್ನ ತೆರೆದರು. ಹೊಸಪೇಟೆಯಿಂದ ಕಂಪ್ಲಿ ತನಕ ಹೊಳೆದಂಡೆ ಊರುಗಳಲ್ಲಿ ಫೋನೋ ಫೋನು. ಕಂಪ್ಲಿ ಸೇತುವೆ ಮುಳುಗಿತಾ, ಗದ್ದೆಗೆ ನೀರು ಬಂತಾ, ಎಷ್ಟು ಕ್ಯುಸೆಕ್ ಅಂತೆ? ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯೋ ನೀರಿನಲ್ಲೇ, ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆ ದಿನಗಳಲ್ಲಿ ಆ ಒಂದು ಗೇಟಿಗೆ ಎಲ್ಲರ ಬಾಯಲ್ಲಿದ್ದ ಅಂಕಿ 35 ಸಾವಿರ ಕ್ಯುಸೆಕ್.

ಒಂದು ಕೈಲೆಕ್ಕ ಮಾಡೋಣ. ಗೇಟಿನ ಅಗಲ 60 ಅಡಿ, ಎತ್ತರ 20 ಅಡಿ. ಕೋಡಿ ಮೇಲೆ ಹರಿಯೋ ನೀರಿಗೆ ಎರಡನೇ ವರ್ಷದ ಹೈಡ್ರಾಲಿಕ್ಸ್ ಸೂತ್ರ: ಎತ್ತರದ ಒಂದೂವರೆ ಘಾತ, ಇಂಟು ಅಗಲ, ಇಂಟು ಸುಮಾರು 3.9. 20ರ ಒಂದೂವರೆ ಘಾತ 89.4. ಗುಣಿಸಿದರೆ ಬರೋದು 21 ಸಾವಿರದ ಹತ್ತಿರ. ಹಾಗಾದರೆ 35 ಸಾವಿರ ಅಂದದ್ದು ಯಾವ ಹೊತ್ತಿನ ಲೆಕ್ಕ, ಎಷ್ಟು ಗೇಟಿನದು? ನನ್ನ 3.9ರಲ್ಲೇ ತಪ್ಪಿದೆಯಾ? ಇಷ್ಟು ಕೇಳೋಕೆ ಕ್ಯಾಲ್ಕುಲೇಟರ್ ಸಾಕು. ಸಿಎಫ್‌ಡಿ ಫಲಿತಾಂಶ ಬಂದಾಗಲೂ ಇದೇ ಥರ ಕೇಳಬೇಕಾದವರು ನಾವು. ನಾಳೆ ನಮ್ಮಲ್ಲೇ ಒಬ್ಬರು ಗೇಟಿನ ಮೇಲಿನ ಬಲದ ರಿಪೋರ್ಟಿಗೆ ಸಹಿ ಹಾಕ್ತಾರೆ. ಏಳು ಪರ್ಸೆಂಟ್ ನೀರು ಕಾಣೆಯಾದ ಸಿಮ್ಯುಲೇಶನ್ನಿಗೆ ಸಹಿ ಬಿದ್ದರೆ ಕೆಳಗಿನ ಊರಿನವರಿಗೆ ಅದು ಯಾವತ್ತೂ ಗೊತ್ತಾಗಲ್ಲ. ರೂಮ್‌ಮೇಟ್ ಇದಕ್ಕೆ ಏನೂ ಹೇಳಲಿಲ್ಲ, ಚಹಾಕ್ಕೆ ಕರೆದ.

ಪ್ಯಾಕೇಜು ಚೆನ್ನಾಗಿ ಬಂದರೂ ಪ್ರಶ್ನೆಯೇ ತಪ್ಪಿರಬಹುದು ಅನ್ನೋದಕ್ಕೂ ನಾವೇ ಸಾಕ್ಷಿ. ಹೊಳೆಯ ಮೇಲ್ಮೈಯನ್ನ ಚಪ್ಪಟೆ ಮುಚ್ಚಳ ಅಂತ ಇಟ್ಟಿದ್ವಿ. ಮೂರು ಮೀಟರ್ ವೇಗದ ನೀರು ಕಂಬಕ್ಕೆ ಬಡಿದು ನಿಂತರೆ ಹೆಚ್ಚುಕಮ್ಮಿ ಅರ್ಧ ಮೀಟರ್ ಮೇಲೇಳುತ್ತೆ. ಮುಚ್ಚಳ ಅದನ್ನ ಅದುಮಿ ಹಿಡಿದಿತ್ತು. ಡ್ಯಾಮಿನಿಂದ ಬಿಟ್ಟ ನೀರು ಯಾವ ಗದ್ದೆಗೆ ಎಷ್ಟು ಬರುತ್ತೆ ಅನ್ನೋದಕ್ಕಂತೂ ಈ ಮೂರು ಆಯಾಮದ ಶೋಕಿಯೇ ಬೇಡ, ಆಳದ ಸರಾಸರಿ ಹಿಡಿಯೋ ಶ್ಯಾಲೋ ವಾಟರ್ ಸಮೀಕರಣ ಸಾಕು.

ಈ ರಜೆಯಲ್ಲಿ ನಾನು ಬರೆದದ್ದು ಚೌಕದ ಡಬ್ಬಿಯೊಳಗಿನ ನೀರು: ಮೇಲಿನ ಮುಚ್ಚಳ ಒಂದು ಕಡೆಗೆ ಸರೀತಾ ಇರುತ್ತೆ, ಒಳಗೆ ಸುಳಿ ಏಳುತ್ತೆ. 1982ರ ಘಿಯಾ ಮತ್ತು ಸಂಗಡಿಗರ ಪಟ್ಟಿಯಲ್ಲಿ ರೆನಾಲ್ಡ್ಸ್ ಸಂಖ್ಯೆ 100ಕ್ಕೆ ನಡುಗೆರೆಯ ಮೇಲೆ ಹಿಮ್ಮುಖ ವೇಗ ಮುಚ್ಚಳದ ವೇಗದ 0.21ರಷ್ಟು ಬರಬೇಕು. ನನಗೆ ಮೊದಲ ಸಲ 0.14 ಬಂತು. ಒಂದು ವಾರ ಹುಡುಕಿದ ಮೇಲೆ ಒಂದು ಮೈನಸ್ ಚಿಹ್ನೆ, ಒಂದು ತಪ್ಪು ಗಡಿ ಸಿಕ್ಕವು. ಈಗ 0.208. ಕೋಡು 164 ಸಾಲು, ಕಾಮೆಂಟುಗಳೆಲ್ಲ ಕನ್ನಡದಲ್ಲೇ ಇವೆ. ಶನಿವಾರ ಸಂಜೆ ಸಂಘದ ರೂಮಿನಲ್ಲಿ ಇರ್ತೀನಿ, ಲ್ಯಾಪ್‌ಟಾಪ್ ತಗೊಂಡು ಬನ್ನಿ. ಮೊದಲು ಡೈವರ್ಜೆನ್ಸ್ ಪ್ರಿಂಟ್ ಮಾಡೋಣ, ಬಣ್ಣ ಆಮೇಲೆ.